ತಿಗಣೆಗಳು ಹೋದ ಮೇಲೆ

ಹ್ಯಾಂಕಾಕ್, ಮಿಶಿಗನ್
ನವೆಂಬರ್ 15, ಶನಿವಾರ

ಪ್ರೀತಿಯ ವಾರನ್,

ಮೊಣಕಾಲು ಹೇಗಿದೆ? ಕಳೆದ ಸಲ ಫೋನಿನಲ್ಲಿ ‘ಚೆನ್ನಾಗಿದೆ, ಚೆನ್ನಾಗಿದೆ’ ಎಂದು ಎರಡೆರಡು ಸಲ ಹೇಳಿದೆಯಲ್ಲ, ಆಗಲೇ ಚೆನ್ನಾಗಿಲ್ಲವೆಂದು ನನಗೆ ಗೊತ್ತಾಯಿತು. ಮುಲಾಮು ನಿನ್ನ ಚೀಲದ ಪಕ್ಕದ ಜೇಬಿನಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಸುತ್ತಿಟ್ಟಿದೆ. ಹುಡುಕದೆಯೇ ‘ಇಲ್ಲ’ ಎನ್ನಬೇಡ. ಹಡಗಿನ ಡೆಕ್ಕಿನ ಮೇಲೆ ಮಂಜು ಕಟ್ಟಿದಾಗ ಓಡಾಡುವ ಕೆಲಸ ಎಳೆಯರಿಗೆ ಬಿಡು. ಇಲ್ಲಿ ನವೆಂಬರಿನ ಗಾಳಿ ಶುರುವಾಗಿದೆ. ರೇಡಿಯೋದಲ್ಲಿ ಸರೋವರದ ಅಲೆಗಳ ಎತ್ತರ ಹೇಳುವಾಗ ನಾನು ಪಾತ್ರೆ ತೊಳೆಯುವ ನಲ್ಲಿ ನಿಲ್ಲಿಸುತ್ತೇನೆ, ನಿನ್ನ ಅಮ್ಮ ಹೆಣಿಗೆಯ ಸೂಜಿ ನಿಲ್ಲಿಸುತ್ತಾರೆ. ಹೇಳಿ ಮುಗಿಸಿದ ಮೇಲೆ ಇಬ್ಬರೂ ಏನೂ ಆಗದವರಂತೆ ನಮ್ಮ ನಮ್ಮ ಕೆಲಸ ಮುಂದುವರಿಸುತ್ತೇವೆ. ಇಷ್ಟು ವರ್ಷ ಇದನ್ನು ಒಬ್ಬಳೇ ಮಾಡುತ್ತಿದ್ದೆ. ಈ ಸಲ ಜೊತೆಯಿದೆ.

ಮುಮ್ಮು ಆರೋಗ್ಯವಾಗಿದ್ದಾರೆ. (ನಿನ್ನ ಅಮ್ಮನಿಗೆ ನಮ್ಮ ಮಕ್ಕಳು ಇಟ್ಟ ಹೆಸರನ್ನೇ ನಾನೂ ಹಿಡಿದುಕೊಂಡೆ ನೋಡು, ಅಮ್ಮ ಎನ್ನಲು ಸಂಕೋಚ, ಹೆಲ್ಮಿ ಎನ್ನಲು ಭಯ.) ಮುರಿದ ಮಣಿಕಟ್ಟಿನ ಪಟ್ಟಿ ಬಿಚ್ಚಿ ಬಹಳ ದಿನವಾಯಿತು. ಕಾಫಿ ಕೆಟಲನ್ನು ಈಗ ಬಲಗೈಯಲ್ಲೇ ಎತ್ತುತ್ತಾರೆ. ಫೋನ್ ಇರುವಾಗ ಇದನ್ನೆಲ್ಲ ಕಾಗದದಲ್ಲಿ ಯಾಕೆ ಬರೆಯುತ್ತಿದ್ದಾಳೆ ಎಂದು ನೀನು ಹುಬ್ಬು ಗಂಟಿಕ್ಕಿರುತ್ತೀಯ. ಫೋನಿನಲ್ಲಿ ಮಾತಾಡಿದರೆ ಅಡುಗೆಮನೆಯಲ್ಲಿ ಕೂತ ಅವರಿಗೆ ಎಲ್ಲ ಕೇಳಿಸುತ್ತದೆ. ಹೊರಗೆ ಹೋಗಿ ಮಾತಾಡಿದರೆ ಮುಖ್ಯವಾದ ಮಾತಿಗೆ ಸರಿಯಾಗಿ ನಿನ್ನ ಹಡಗು ನೀರಿನ ನಡುವೆ ಹೋಗಿ ಸಿಗ್ನಲ್ ಕಡಿದುಹೋಗುತ್ತದೆ. ಈ ವಿಷಯ ಅರ್ಧಕ್ಕೆ ತುಂಡಾದರೆ ಅಪಾಯ. ಡೆಟ್ರಾಯಿಟ್ ನದಿಯಲ್ಲಿ ಅಂಚೆಯ ದೋಣಿ ಪಕ್ಕಕ್ಕೆ ಬಂದಾಗ ನೀವು ಹಗ್ಗ ಕಟ್ಟಿ ಇಳಿಸುತ್ತೀರಲ್ಲ ಬಕೆಟ್ಟು, ಅದರಲ್ಲಿ ಇದು ಇಡಿಯಾಗಿ ನಿನ್ನ ಕೈಗೆ ಬರಲಿ.

ವಿಷಯ ಇದು. ನಮ್ಮ ಮನೆಗೆ ತಿಗಣೆ ಬಂದಿತ್ತು. ‘ಬಂದಿತ್ತು’ ಎಂದು ಬರೆದಿದ್ದೇನೆ, ‘ಬಂದಿದೆ’ ಎಂದಲ್ಲ. ಹೆದರದೆ ಕೂತು ಓದು.

ಸೆಪ್ಟೆಂಬರಿನಲ್ಲಿ ನನ್ನ ಮೊಣಕೈ ಹತ್ತಿರ ಸಾಲಾಗಿ ಕೆಂಪು ಗುಳ್ಳೆ ಎದ್ದವು. ಸೊಳ್ಳೆ ಎಂದುಕೊಂಡೆ. ನಾನು ದುಡಿಯುವ ಶಾಲೆಯ ಅಡುಗೆಮನೆಗೆ ಹೊಸ ಸೋಪು ತರಿಸಿದ್ದರು, ಅದರ ಮೇಲೂ ಗುಮಾನಿಪಟ್ಟೆ. ಮುಮ್ಮು ಒಳ್ಳೆಯ ಬಿಸಿಲಿದ್ದಾಗಲೂ ಬೆರಳಿನ ಬುಡದವರೆಗೆ ಬರುವ ಸ್ವೆಟರ್ ತೊಟ್ಟು ಓಡಾಡುತ್ತಿದ್ದರು. “ಸೆಖೆ ಆಗಲ್ವಾ ಮುಮ್ಮು?” ಎಂದರೆ, “ವಯಸ್ಸಾದೋರಿಗೆ ಸೆಖೆ ಎಲ್ಲಿಂದ ಬರಬೇಕು ಹುಡುಗಿ,” ಎನ್ನುತ್ತಿದ್ದರು. ನಾನು ಐವತ್ತು ದಾಟಿದರೂ ಅವರಿಗೆ ಹುಡುಗಿಯೇ. ಒಂದು ಬೆಳಿಗ್ಗೆ ಕೆಳಗಿಳಿದು ಬಂದರೆ ಅವರು ಅಡುಗೆಮನೆಯ ಗಟ್ಟಿ ಕುರ್ಚಿಯಲ್ಲಿ ಕೋಟು ಹೊದ್ದು ಕೂತಲ್ಲೇ ನಿದ್ದೆಹೋಗಿದ್ದರು. ಸ್ವೆಟರಿನ ಒಂದು ತೋಳು ಮೇಲಕ್ಕೆ ಸರಿದಿತ್ತು. ಆ ಬಡಕಲು ಕೈ ತುಂಬ ಗುಳ್ಳೆ, ಕೆಲವು ಕೆರೆದು ಕೆರೆದು ಕರಿ ಕಟ್ಟಿದ್ದವು. ನಾನು ಶಬ್ದ ಮಾಡದೆ ಮೇಲೆ ಹೋಗಿ ಅವರ ದುಪ್ಪಟಿ ಎತ್ತಿದೆ. ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಮಸಿಯ ಚುಕ್ಕೆ ಇಟ್ಟಂತೆ ಕಲೆ. ಮೂಲೆಯಲ್ಲಿ ಸೇಬಿನ ಬೀಜದಷ್ಟು ದಪ್ಪದ ಒಂದು ಪ್ರಾಣಿ ಬೆಳಕಿಗೆ ಗಾಬರಿಯಾಗಿ ಹೊಲಿಗೆಯೊಳಗೆ ತೂರಿಕೊಂಡಿತು. ನನ್ನ ಹಾಸಿಗೆಯನ್ನೂ ಎತ್ತಿ ನೋಡಿದೆ. ಅಲ್ಲೂ ಇತ್ತು.

ಟಪಿಯೋಲಾದ ಹಳೆಯ ಮನೆಯಿಂದ ಆಗಸ್ಟಿನಲ್ಲಿ ನೀನು ಅವರನ್ನು ಕರೆತಂದಾಗ ಟ್ರಕ್ಕಿನಲ್ಲಿ ಅವರ ಮಂಚ, ಹಾಸಿಗೆ, ಚಿಂದಿ ಬಟ್ಟೆಯಲ್ಲಿ ನೇಯ್ದ ಆ ಉದ್ದುದ್ದ ಜಮಖಾನೆಗಳು ಬಂದಿದ್ದವು. ಹಾಗಾದರೆ ಇದೂ ಅವುಗಳ ಜೊತೆಗೇ ಬಂತೇ ಎಂದು ನನ್ನ ಮನಸ್ಸಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಅವರು ಅದನ್ನೇ ತಮಗೆ ತಾವೇ ಹೇಳಿಕೊಂಡಾಗಿತ್ತು. ಕಾಫಿ ಕುಡಿಯುವಾಗ ನಾನು ಮೆಲ್ಲಗೆ, “ಮುಮ್ಮು, ಮನೇಲಿ ತಿಗಣೆ ಇದೆ,” ಎಂದೆ. ಅವರು ಲೋಟ ಕೆಳಗಿಟ್ಟು, “ಗೊತ್ತು,” ಎಂದರು. ಅಷ್ಟೇ. ನಿಮ್ಮ ವಂಶದವರ ಮೌನಕ್ಕೆ ನಾನು ಮದುವೆಯಾದಾಗಿನಿಂದ ಹೊಂದಿಕೊಂಡಿದ್ದೇನೆ ಎಂದು ತಿಳಿದಿದ್ದೆ, ಆದರೆ ಆ ಬೆಳಗಿನ ಮೌನ ಬೇರೆ.

ಆ ಸಂಜೆ ನಾನು ಕೆಲಸದಿಂದ ಬಂದಾಗ ಮಳೆ ಹನಿಯುತ್ತಿತ್ತು. ಮುಂಬಾಗಿಲು ತೆರೆದೇ ಇತ್ತು. ಮೆಟ್ಟಿಲ ಅರ್ಧದಲ್ಲಿ ಹಾಸಿಗೆ ಅಡ್ಡ ಸಿಕ್ಕಿಹಾಕಿಕೊಂಡಿದೆ, ಅದರ ಕೆಳಗೆ ನಿನ್ನ ಅಮ್ಮ, ಎಂಬತ್ತು ದಾಟಿದ ಹೆಂಗಸು, ಆಗಷ್ಟೇ ಕೂಡಿಕೊಂಡ ಮಣಿಕಟ್ಟಿನಲ್ಲಿ ಅದನ್ನು ಹಿಡಿದು ಎಳೆಯುತ್ತಿದ್ದಾರೆ! “ಏನ್ ಮಾಡ್ತಿದ್ದೀರಾ ಮುಮ್ಮು? ಬಿಡಿ, ಬಿದ್ದುಬಿಡ್ತೀರಿ!” ಎಂದು ಕೂಗಿದೆ. “ನಂದಿದು. ನಾನ್ ತಂದಿದ್ದು. ಹಿತ್ತಲಿಗೆ ಹಾಕಿ ನಾನೇ ಸುಡ್ತೀನಿ,” ಎಂದರು. ಮುಖ ಸುಣ್ಣದ ಹಾಗಾಗಿತ್ತು. ನಾನು ಹಾಸಿಗೆಯ ಇನ್ನೊಂದು ತುದಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ, ಅವರು ಎಳೆದರೂ ಅಲ್ಲಾಡದ ಹಾಗೆ. ಸ್ವಲ್ಪ ಹೊತ್ತು ಹಾಸಿಗೆಯ ಎರಡು ಕಡೆ ಇಬ್ಬರೂ ಏದುಸಿರು ಬಿಡುತ್ತಾ ಕೂತಿದ್ದೆವು. ಆಮೇಲೆ ಆ ಕಡೆಯಿಂದ ದನಿ ಬಂತು: “ಓನ್ನಿ ಹೋದದ್ದು ಇದರ ಮೇಲೇನೇ. ಬಲಗಡೆ ಅವನು ಮಲಗ್ತಿದ್ದ. ನಾನಿನ್ನೂ ಎಡಗಡೇನೇ ಮಲಗೋದು.” ನಿನ್ನ ಅಪ್ಪನ ಹೆಸರನ್ನು ಅವರು ನನ್ನ ಮುಂದೆ ಎತ್ತಿದ್ದು ಅದೇ ಮೊದಲು, ವಾರನ್. ಅಂಥ ಹಾಸಿಗೆಯನ್ನು ಸುಡಲು ಹೊರಟಿದ್ದರು.

ಸುಡಲು ಬಿಡಲಿಲ್ಲ. ಆದರೆ ನಾನು ಮಾಡಿದ ಕೆಲಸವೂ ಹೊಗಳುವಂಥದ್ದಲ್ಲ. ಅಂಗಡಿಯಿಂದ ಹೊಗೆ ಬಿಡುವ ಔಷಧದ ಡಬ್ಬಿಗಳನ್ನು ತಂದು ಎರಡು ಕೋಣೆಯಲ್ಲಿ ಹಚ್ಚಿಟ್ಟೆ, ಇಬ್ಬರೂ ಗಂಟಲು ಕೆರೆತಕ್ಕೆ ಒಂದು ವಾರ ಕೆಮ್ಮಿದೆವು. ತಿಗಣೆಗಳು ಕೆಮ್ಮಲಿಲ್ಲ. ನಾನು ಹೆದರಿ ಕೆಳಗಿನ ಸೋಫಾದಲ್ಲಿ ಮಲಗಲು ಹೋದೆ. ಅವು ಅಲ್ಲಿಗೂ ನನ್ನ ಹಿಂದೆಯೇ ಬಂದವು. ಕೊನೆಗೆ ನಾಚಿಕೆ ಬಿಟ್ಟು ಗಾರ್ಡಿಗೆ ಫೋನ್ ಮಾಡಿದೆ. ನಿನ್ನ ಜೊತೆ ಶಾಲೆಯ ಹಾಕಿ ತಂಡದಲ್ಲಿ ಗೋಲು ಕಾಯುತ್ತಿದ್ದನಲ್ಲ, ಅವನೇ. ಈಗ ಮನೆಮನೆಗೆ ಹೋಗಿ ಹುಳುಹುಪ್ಪಟೆ ತೆಗೆಯುವ ಕೆಲಸ ಮಾಡುತ್ತಾನೆ. ಊರಿನವರಿಗೆ ಗೊತ್ತಾಗದಿರಲೆಂದು ವ್ಯಾನನ್ನು ಮೂರನೇ ಬೀದಿಯಲ್ಲಿ ನಿಲ್ಲಿಸು ಎಂದೆ. ಅವನು ನೇರ ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ. “ಡೆಲ್, ನಾಚ್ಕೊಳ್ಳೋಕೆ ಇದೇನ್ ಕಳ್ಳತನಾನಾ? ನಿಮ್ ಬೀದೀಲಿ ಇದು ನನ್ ಮೊದಲನೇ ಮನೆ ಅನ್ಕೊಂಡ್ಯಾ?” ಎಂದ. ಹೊಗೆಯ ಡಬ್ಬಿ ನೋಡಿ ಮಾತ್ರ ತಲೆ ಚಚ್ಚಿಕೊಂಡ. “ಒಂದ್ ಕೋಣೇಲಿ ಸುಮ್ನೆ ಸಂಸಾರ ಮಾಡ್ಕೊಂಡಿದ್ದೋವು. ಹೊಗೆ ಹಾಕಿ ಎಬ್ಬಿಸಿ ಮನೆಗೆಲ್ಲ ಹಂಚಿದೀಯಲ್ಲ ತಾಯಿ!”

ಅವನು ಟಾರ್ಚು ಹಿಡಿದು ಮೇಲಿನಿಂದ ಕೆಳಗೆ ಹುಡುಕಿದ. ಮುಮ್ಮು ಮೊಣಕೈ ಹಿಡಿದುಕೊಂಡು, ತೀರ್ಪು ಕೇಳಲು ನಿಂತವರಂತೆ ಅವನ ಹಿಂದೆ ಹಿಂದೆಯೇ ಇದ್ದರು. ಅವರ ಹಾಸಿಗೆ ತೋರಿಸಿ, “ಇಲ್ಲಿಂದಲೇ ಬಂದಿರೋದು, ಬರ್ಕೋ,” ಎಂದರು. ಗಾರ್ಡಿ ನೋಡಿ, “ಇಲ್ಲ ಮಿಸೆಸ್ ಹಿಲ್ಟುನೆನ್, ಇಲ್ಲಿರೋದು ನೆಂಟರು. ಊಟಕ್ಕೆ ಬಂದೋರು. ಇವರ ಮನೆ ಬೇರೆ ಎಲ್ಲೋ ಇದೆ,” ಎಂದ. ಆಮೇಲೆ ನಡುಮನೆಗೆ ಬಂದು, ಕಿಟಕಿಯ ಹತ್ತಿರದ ಒರಗು ಕುರ್ಚಿಯನ್ನು ತಲೆಕೆಳಗು ಮಾಡಿ, ಅಡಿಯ ಕಪ್ಪು ಬಟ್ಟೆಯನ್ನು ಚಾಕುವಿನಲ್ಲಿ ಸೀಳಿ ಬೆಳಕು ಬಿಟ್ಟ. “ಬನ್ನಿ, ನೋಡಿ. ಇದು ತವರುಮನೆ!”

ನಾನು ನೋಡಿದೆ. ವಿವರ ಬೇಡ, ನೀನು ಊಟ ಮಾಡಬೇಕು. ಅದು ನಿನ್ನ ಕುರ್ಚಿ, ವಾರನ್. ಮೇ ತಿಂಗಳಲ್ಲಿ ನೀನು ರಜೆಗೆ ಬಂದಾಗ, ಕಾಲೇಜು ಹುಡುಗರು ಊರು ಬಿಡುವ ಮುಂಚೆ ರಸ್ತೆಬದಿಗೆ ಇಟ್ಟುಹೋದ ಸಾಮಾನಿನಲ್ಲಿ ಸಿಕ್ಕಿತೆಂದು ಹೊತ್ತು ತಂದೆಯಲ್ಲ, ‘ಚರ್ಮ ನೋಡು, ಒಂದು ಗೀರು ಇಲ್ಲ’ ಎಂದು ಸವರಿ ಸವರಿ ತೋರಿಸಿದೆಯಲ್ಲ, ಅದೇ. ಮುಮ್ಮು ಬಂದಾಗಿನಿಂದ ದಿನಾ ಮಧ್ಯಾಹ್ನ ಹೆಣಿಗೆ ಹಿಡಿದು ಅದರಲ್ಲೇ ಕೂರುತ್ತಿದ್ದರು. ಮನೆಯಲ್ಲಿ ಅದಕ್ಕಿಂತ ಮೆತ್ತನೆಯ ಕುರ್ಚಿಗಳಿದ್ದವು; ಮಗನ ಕುರ್ಚಿ ಎಂದು ಅದನ್ನೇ ಹಿಡಿದಿದ್ದರು. ಅಲ್ಲಿಂದ ಅವರ ಸ್ವೆಟರಿನ ಜೊತೆ ಅವು ಮಾಳಿಗೆ ಹತ್ತಿವೆ.

ನನಗೆ ಮೊದಲು ಬಂದದ್ದು ಕೋಪ, ಆಮೇಲೆ ನಗು. ನೀನು ಎದುರಿಗಿದ್ದರೆ ಎರಡೂ ನಿನ್ನ ಪಾಲಿಗೇ ಬರುತ್ತಿತ್ತು. ಆದರೆ ಮುಮ್ಮು ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಆ ಕುರ್ಚಿಯನ್ನೇ ನೋಡಿದರು. ಗಾರ್ಡಿ ವ್ಯಾನಿನಿಂದ ಸಾಮಾನು ತರಲು ಹೋದಾಗ ನನ್ನ ಕೈ ಹಿಡಿದುಕೊಂಡು, “ವಾರನ್‌ಗೆ ಹೇಳ್ಬೇಡ. ನಾನ್ ತಂದಿದ್ದು ಅಂತಲೇ ಇರ್ಲಿ,” ಎಂದರು. “ಯಾಕೆ ಮುಮ್ಮು? ತಂದಿದ್ದು ಅವನೇ ತಾನೇ?” ಎಂದೆ. “ಮೂರು ವರ್ಷದೋನಿದ್ದಾಗಿಂದ ಬೀದೀಲಿ ಬಿದ್ದಿದ್ದೆಲ್ಲ ಎತ್ಕೊಂಡ್ ಬರೋನು. ಕುಂಟ ನಾಯಿ, ಸೈಕಲ್ ಚಕ್ರ, ಒಂದ್ಸಲ ಸತ್ತಿರೋ ಹದ್ದು. ಬೈದ್ರೆ ಹೋಗಿ ಸೌದೆ ಕೊಟ್ಟಿಗೇಲಿ ಕೂತ್ಕೊಳ್ಳೋನು, ಊಟಕ್ಕೂ ಬರ್ತಿರ್ಲಿಲ್ಲ. ಈಗ ಹಡಗಲ್ಲಿ ಒಬ್ನೇ ಕೂತು ಕೊರಗ್ತಾನೆ. ನನಗೇನು, ನಾನು ಮುದುಕಿ, ನನ್ ಮೇಲಿರ್ಲಿ.” ನಾನು ಹೂಂ ಎಂದೆ. ಈಗ ಹೇಳುತ್ತಿದ್ದೇನೆ. ಯಾಕೆಂದರೆ ನಿನ್ನ ಅಮ್ಮ ನಿನಗೋಸ್ಕರ ಏನನ್ನು ಹೊತ್ತುಕೊಳ್ಳಲು ಸಿದ್ಧವಿದ್ದರೆಂಬುದು ನಿನಗೆ ಗೊತ್ತಿರಬೇಕು. ಕೊರಗಬೇಡ, ಊಟ ಬಿಡಬೇಡ.

ಕುರ್ಚಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೊರಗೆ ಸಾಗಿಸಿದೆವು. ಇನ್ನೊಬ್ಬ ವಾರನ್ ಬಂದು ಹೊತ್ತುಕೊಂಡು ಹೋಗಬಾರದೆಂದು ಮುಮ್ಮು ಅದರ ಚರ್ಮವನ್ನು ಅಡ್ಡಡ್ಡ ಕೊಯ್ದು, ಕೆಂಪು ಬಣ್ಣದಲ್ಲಿ ‘ತಿಗಣೆ ಇದೆ’ ಎಂದು ದೊಡ್ಡದಾಗಿ ಬರೆದರು. ಗಾರ್ಡಿ ಹೇಳಿದ ಕೆಲಸಕ್ಕೆ ಮಾರನೆಯ ದಿನದಿಂದ ಕೈಹಚ್ಚಿದೆವು. ಹಾಸಿಗೆಯ ಹೊಲಿಗೆ, ಮಂಚದ ಸಂದು, ಗೋಡೆಯ ಬುಡದ ಪಟ್ಟಿ ಎಲ್ಲವನ್ನೂ ವ್ಯಾಕ್ಯೂಮಿನಲ್ಲಿ ಎಳೆದು, ಅದರ ಚೀಲವನ್ನು ಬಾಯಿ ಕಟ್ಟಿ ಹೊರಗೆ ಹಾಕಬೇಕು. ಹಾಸಿಗೆಗೆ ಇಡಿಯಾಗಿ ಜಿಪ್ ಇರುವ ಗವುಸು. ಒಳಗುಳಿದವು ಒಳಗೇ ಸಾಯಲಿ, ವರ್ಷವಾದರೂ ಅದನ್ನು ಬಿಚ್ಚುವಂತಿಲ್ಲ. ಹೀಗೆ ನಿನ್ನ ಅಪ್ಪನ ಹಾಸಿಗೆ ಉಳಿಯಿತು. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದು, ದುಪ್ಪಟಿ ನೆಲಕ್ಕೆ ತಾಗದಂತೆ ಸಿಕ್ಕಿಸಿ, ನಾಲ್ಕೂ ಕಾಲಿನ ಕೆಳಗೆ ಒಳಗೆ ಬಿದ್ದ ಹುಳ ಹತ್ತಿ ಹೊರಬರಲಾಗದ ನುಣುಪು ಬಟ್ಟಲು ಇಟ್ಟೆವು. ಗೋಡೆಯ ಬಿರುಕುಗಳಿಗೆ ಮುಮ್ಮು ಕೂತು ಕೂತು ಮೇಣದಂಥ ಅಂಟು ತುಂಬಿದರು. ಗಾರ್ಡಿ ಸ್ವಿಚ್ಚಿನ ಹಲಗೆಗಳ ಹಿಂದೆ ಬಿಳಿ ಪುಡಿ ಊದಿ, ಸಂದುಗಳಿಗೆ ತನ್ನ ಔಷಧ ಹೊಡೆದ. ಮಲಗುವ ಜಾಗ ಬದಲಿಸಲೇಬೇಡಿ, ನೀವು ಹೋದಲ್ಲಿಗೆ ಅವು ಬರುತ್ತವೆ ಎಂದ. ನಾನು ಶಾಲೆಯ ಬಟ್ಟೆಯನ್ನು ಮುಚ್ಚಿದ ಡಬ್ಬಿಯಲ್ಲಿ ಮುಂದಿನ ಜಗಲಿಯಲ್ಲೇ ಇಟ್ಟು ಅಲ್ಲೇ ಬದಲಿಸುತ್ತಿದ್ದೆ. ಎದುರುಮನೆಯ ಮುದುಕ ಕ್ಲಾರೆನ್ಸ್ ಒಂದು ಬೆಳಿಗ್ಗೆ ಕಸ ಹಾಕಲು ಬಂದವನು ನನ್ನನ್ನು ನೋಡಿ, ಅಂದಿನಿಂದ ಟೋಪಿ ಎತ್ತಿ ನಮಸ್ಕರಿಸುವುದನ್ನು ನಿಲ್ಲಿಸಿ ಬೇರೆ ಕಡೆ ನೋಡುತ್ತಾನೆ.

ಬಟ್ಟೆಬರೆಯೆಲ್ಲ ಬಿಸಿ ಗಾಳಿಯ ಡ್ರೈಯರಿಗೆ ಹೋಯಿತು. ಆದರೆ ಜಮಖಾನೆಗಳು, ಉಣ್ಣೆಯ ಕೋಟುಗಳು, ಬೂಟು, ದಿಂಬು? ನಾನು ತಲೆಯ ಮೇಲೆ ಕೈಹೊತ್ತು ನಿಂತಿದ್ದಾಗ ಮುಮ್ಮು ಹಿತ್ತಲಿನ ಕಡೆ ಗಲ್ಲ ತೋರಿಸಿ, “ಸೌನಾ ಇದೆಯಲ್ಲ ಹುಡುಗಿ. ಅದ್ರಲ್ಲಿ ಮನುಷ್ಯರನ್ನೇ ಬೇಯಿಸ್ತೀವಿ, ತಿಗಣೆ ಯಾವ ಲೆಕ್ಕ?” ಎಂದರು. ನೀನೂ ಅಪ್ಪನೂ ಕಟ್ಟಿದ ಆ ಮರದ ಕೋಣೆಯಲ್ಲಿ ಕೂತು ಬೆವರು ಹರಿಸುವುದೊಂದೇ ನನಗೆ ಗೊತ್ತಿತ್ತು. ಗಾರ್ಡಿಯನ್ನು ಕೇಳಿದರೆ, “ನೀರು ಹಾಕ್ಬೇಡಿ, ಒಣ ಶಾಖ ಸಾಕು. ಗಂಟು ಕಟ್ಟಿ ಇಟ್ರೆ ನಡುವೆ ಇರೋದು ಬದುಕ್ಕೊಳ್ಳತ್ತೆ, ಬಿಡಿಬಿಡಿಯಾಗಿ ತೂಗುಹಾಕಿ. ಬಟ್ಟೆ ಒಲೆಗೆ ತಾಗ್ದಿದ್ರೆ ಸರಿ, ಇಲ್ಲಾಂದ್ರೆ ನನ್ ಬದ್ಲು ಬೆಂಕಿ ಆರ್ಸೋರ್ನ ಕರೀಬೇಕಾಗತ್ತೆ,” ಎಂದ. ನಾನು ಹಗ್ಗ ಕಟ್ಟಿದೆ, ಅವರು ಬರ್ಚ್ ಸೌದೆ ಒಟ್ಟಿದರು. ಒಳಗೆ ಜಮಖಾನೆಗಳು ಯಾವುದೋ ಹಬ್ಬದ ತೋರಣದ ಹಾಗೆ ತೂಗುತ್ತಿದ್ದವು. ಹೊರಗಿನ ಪುಟ್ಟ ಕೋಣೆಯ ಬೆಂಚಿನ ಮೇಲೆ ನಾವಿಬ್ಬರು, ಬೆಂಕಿ ಕಾಯುತ್ತಾ, ಒಂದು ಫ್ಲಾಸ್ಕು ಕಾಫಿ.

ವಾರನ್, ಅಲ್ಲಿ ನಿನ್ನ ಅಮ್ಮ ಮಾತಾಡಿದರು. ಇಷ್ಟು ವರ್ಷದಲ್ಲಿ ಆಡದ ಮಾತೆಲ್ಲ ಆಡಿದರು. ಅವರು ಚಿಕ್ಕವರಿದ್ದಾಗ ಟಪಿಯೋಲಾದ ಮರದ ಮನೆಯಲ್ಲೂ ತಿಗಣೆ ಇತ್ತಂತೆ. ಔಷಧ ಎಲ್ಲಿಂದ ಬರಬೇಕು? ಅತಿ ಕೊರೆಯುವ ಜನವರಿಯಲ್ಲಿ ಒಂದು ದಿನ ಅವರಪ್ಪ ಒಲೆ ಆರಿಸಿ, ಕಿಟಕಿ ಬಾಗಿಲು ಎಲ್ಲ ಹಾರುಹೊಡೆದು, ಮನೆಯನ್ನು ಚಳಿಗೆ ಬಿಟ್ಟುಬಿಡುತ್ತಿದ್ದರಂತೆ. ಮನೆ ಹೆಪ್ಪುಗಟ್ಟಿ ಹುಳ ಸಾಯುವವರೆಗೆ ಇಡೀ ಸಂಸಾರ ಸೌನಾದೊಳಗೆ. ಅಪ್ಪ, ಅಮ್ಮ, ಏಳು ಮಕ್ಕಳು, ಒಂದು ಕರು. “ನಮ್ಮಮ್ಮ ನಗೋದನ್ನ ನಾನ್ ಕೇಳಿದ್ದು ಅಲ್ಲೇ,” ಎಂದರು. “ಮನೇಲಿದ್ರೆ ಕೆಲಸ, ಕೆಲಸ, ಕೆಲಸ. ಅಲ್ಲಿ ಮಾಡೋಕ್ ಏನಿದೆ? ಎಲ್ರೂ ಒಬ್ರ ಮೇಲೊಬ್ರು ಬಿದ್ಕೊಂಡಿರೋದು. ಅಪ್ಪ ಹಂದಿ ಥರ ಗೊರಕೆ ಹೊಡೆಯೋನು, ಅಮ್ಮ ಬಾಯಿಗೆ ಏಪ್ರನ್ ತುರುಕ್ಕೊಂಡು ನಗೋಳು. ನಾನು ಪ್ರತಿ ಚಳಿಗಾಲ ಬೇಡ್ಕೊಳ್ತಿದ್ದೆ, ದೇವ್ರೇ ನಮ್ಮನೇಗೆ ತಿಗಣೆ ಬರ್ಲಿ ಅಂತ.” ಹೇಳುತ್ತಾ ಅವರೂ ನಕ್ಕರು. ಹಲ್ಲಿನ ಸೆಟ್ಟು ಕೈಯಲ್ಲಿ ಹಿಡಿದುಕೊಳ್ಳುವಷ್ಟು ನಕ್ಕರು. ನಾನು ನನ್ನ ಅಜ್ಜಿಯ ಲೇಕ್ ಲಿಂಡೆನ್ ಮನೆಯ ಕಥೆ ಹೇಳಿದೆ. ಮಾತಿನ ನಡುವೆ ಸೌದೆ ಹಾಕುವುದು ಮರೆತು, ಮತ್ತೆ ಒಲೆ ಹೊತ್ತಿಸಬೇಕಾಯಿತು. ಆ ವಾರ ಜಮಖಾನೆಗಳು ಮುಗಿದ ಮೇಲೂ ನಾವು ಏನಾದರೊಂದು ನೆಪ ಹುಡುಕಿ ಸೌನಾ ಕಾಯಿಸುತ್ತಿದ್ದೆವು. ಗೋಡೆಯ ಮೇಲಿನ ಕ್ಯಾಲೆಂಡರನ್ನೂ ಒಂದು ದಿನ ತೂಗುಹಾಕಿದೆವು ಎಂದರೆ ನೋಡು.

ಇಂಥ ಒಂದು ಮಧ್ಯಾಹ್ನವೇ ಅಡುಗೆಮನೆಯ ಫೋನ್ ಬಡಿದುಕೊಂಡಿತು. ಮುಮ್ಮು ಸೌನಾದಲ್ಲಿದ್ದರು. ನಾನೆತ್ತಿದೆ. ಕ್ಯಾಲುಮೆಟ್ಟಿನ ವೃದ್ಧಾಶ್ರಮದಿಂದ ಒಬ್ಬಳು, ಸಿಹಿಯಾದ ದನಿ. ಮಿಸೆಸ್ ಹಿಲ್ಟುನೆನ್ ಕೇಳಿದ್ದ ಕೋಣೆ ಖಾಲಿಯಾಗುತ್ತದೆ, ಬರುವವರನ್ನೆಲ್ಲ ಕೇಳುವ ಪ್ರಶ್ನೆ ಒಂದಿದೆ, ಮನೆಯಲ್ಲಿ ಇತ್ತೀಚೆಗೆ ತಿಗಣೆ ಕಾಣಿಸಿಕೊಂಡಿತ್ತೇ ಎಂದಳು. ಯಾವ ಕೋಣೆ, ಯಾರು ಕೇಳಿದ್ದು ಎಂದು ನಾನು ಅವಳನ್ನೇ ತಿರುಗಿ ಕೇಳಿದೆ. ಅಷ್ಟರಲ್ಲಿ ಮುಮ್ಮು ಒಳಗೆ ಬಂದು ನನ್ನ ಮುಖ ನೋಡಿ, ಫೋನ್ ತೆಗೆದುಕೊಂಡು, “ಇದೆ. ಈಗ್ಲೂ ಇದೆ. ಹೋದ್ಮೇಲೆ ನಾನೇ ಹೇಳ್ತೀನಿ,” ಎಂದು ಇಟ್ಟರು. ಹಾಸಿಗೆ ಎಳೆದ ಮಾರನೆಯ ದಿನವೇ, ಇದೆಲ್ಲ ತಮ್ಮಿಂದ ಎಂದುಕೊಂಡಿದ್ದಾಗ, ಅಲ್ಲಿ ಕೋಣೆ ಬೇಕೆಂದು ಹೇಳಿಬಿಟ್ಟಿದ್ದರಂತೆ. “ಈಗ ಗೊತ್ತಾಯ್ತಲ್ಲ ಮುಮ್ಮು, ನಿಮ್ಮಿಂದ ಅಲ್ಲ ಅಂತ,” ಎಂದೆ. “ಮಾತು ಕೊಟ್ಟಾಗಿದೆ ಹುಡುಗಿ. ನನಗೋಸ್ಕರ ಇಟ್ಕೊಂಡಿದಾರೆ,” ಎಂದು ಮತ್ತೆ ಸೌನಾಕ್ಕೆ ಹೋದರು.

ಅಂದಿನಿಂದ ನನ್ನ ಅವಸ್ಥೆ ಕೇಳು. ವಾರಕ್ಕೊಮ್ಮೆ ಮಂಚದ ಕಾಲಿನ ಬಟ್ಟಲುಗಳನ್ನು ನೋಡಬೇಕು, ಹೊಲಿಗೆಗಳ ಮೇಲೆ ಟಾರ್ಚು ಬಿಡಬೇಕು. ಮೊದಲೆಲ್ಲ ಒಂದೆರಡು ಸಿಕ್ಕರೆ ಮೈಯೆಲ್ಲ ಉರಿಯುತ್ತಿತ್ತು. ಈಗ ಬಟ್ಟಲು ಖಾಲಿ ಇದ್ದರೆ ಇನ್ನೊಂದು ಸಲ ಬಗ್ಗಿ ನೋಡುತ್ತೇನೆ. ಮನೆ ಶುದ್ಧವಾದ ದಿನ ಅವರು ಹೊರಡುತ್ತಾರೆ. ಮೊಟ್ಟೆಯೊಡೆದು ಬಂದ ಮರಿಗಳನ್ನೂ ಮುಗಿಸಲೆಂದು ಗಾರ್ಡಿ ಮತ್ತೊಮ್ಮೆ ಬಂದು ಹೋದ. ಆಮೇಲಿನ ಭಾನುವಾರಗಳಲ್ಲಿ ನಾನು ಬಗ್ಗಿ ಟಾರ್ಚು ಹಿಡಿದು, ದೇವರೇ ಒಂದಾದರೂ ಸಿಗಲಿ, ಒಂದೇ ಒಂದು ಎಂದುಕೊಂಡದ್ದುಂಟು. ಇದನ್ನು ಗಾರ್ಡಿಗೆ ಹೇಳಬೇಡ. ಅವನು ನಿನ್ನೆ ಕೊನೆಯ ತಪಾಸಣೆಗೆ ಬಂದ. ಮನೆಯ ಮೂಲೆಮೂಲೆ ನೋಡಿ, ಟಾರ್ಚು ಆರಿಸಿ, “ಡೆಲ್, ಗೆದ್ದೆ. ಒಂದೂ ಇಲ್ಲ,” ಎಂದ. ನಾನು ಸಂತೋಷಪಡುವ ಬದಲು, “ಇನ್ನೊ‍ಂದ್ ಸಲ ನೋಡೋ,” ಎಂದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಮುಮ್ಮು ಅವನಿಗೆ ಕಾಫಿ ಕೊಟ್ಟು, ಕೈಕುಲುಕಿ, ಅವನು ಹೋದ ಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು ಫೋನಿನ ಹತ್ತಿರ ಹೋದರು. ಡಿಸೆಂಬರಿನ ಮೊದಲ ಸೋಮವಾರ ಎಂದು ಗೊತ್ತಾಗಿದೆ.

ನೀನು ಜನವರಿಯಲ್ಲಿ ಹಡಗನ್ನು ಚಳಿಗಾಲಕ್ಕೆಂದು ದಡಕ್ಕೆ ಕಟ್ಟಿ ಬರುವಾಗ ನಡೆಯಬೇಕಾದ ರೀತಿ ಹೇಳಿಬಿಡುತ್ತೇನೆ. ಚೀಲ ಜಗಲಿಯಿಂದ ಒಳಗೆ ಬರುವ ಹಾಗಿಲ್ಲ. ಅದು ನೇರ ಸೌನಾಕ್ಕೆ, ನೀನೂ ಅದರ ಹಿಂದೆ. ಅದಕ್ಕೂ ಮುಂಚೆ, ಈ ಕಾಗದ ಮಡಿಚಿಟ್ಟ ಮೇಲೆ, ನಿನ್ನ ಕ್ಯಾಬಿನ್ನಿನ ಹಾಸಿಗೆ ಎತ್ತಿ ಹೊಲಿಗೆ ನೋಡು. ರಸ್ತೆಯಲ್ಲಿ ಬಿದ್ದ ಕುರ್ಚಿ, ಮಂಚ, ದಿಂಬು ಏನೇ ಇರಲಿ, ಬಂಗಾರದ್ದಾದರೂ ಸರಿ, ಮುಟ್ಟುವಂತಿಲ್ಲ. ಮಕ್ಕಳಿಬ್ಬರೂ ಅವರವರ ಊರಲ್ಲಿ ಚೆನ್ನಾಗಿದ್ದಾರೆ, ನಿನ್ನನ್ನು ಕೇಳಿದರು. ಗಾರ್ಡಿ ನಮಸ್ಕಾರ ಹೇಳಿದ್ದಾನೆ, ಕುರ್ಚಿಯ ವಿಷಯದಲ್ಲಿ ಜನ್ಮಪೂರ್ತಿ ರೇಗಿಸುತ್ತಾನಂತೆ. ಗಾಳಿಯಲ್ಲಿ ಜೋಪಾನ. ಮಲಗುವ ಮುಂಚೆ ಮೊಣಕಾಲಿಗೆ ಮುಲಾಮು.

ನಿನ್ನವಳೇ,
ಡೆಲ್ಫೀನ್

ಮ.ಸೂ.: ಅಂಚೆಯವನು ಬರುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಇವತ್ತು ಬೆಳಿಗ್ಗೆ ಅವರು ಪೆಟ್ಟಿಗೆಗೆ ಬಟ್ಟೆ ಜೋಡಿಸುತ್ತಿದ್ದಾಗ ನಾನು ಕೇಳಿಯೇಬಿಟ್ಟೆ. “ಹೋಗ್ಬೇಡಿ ಮುಮ್ಮು. ಇಲ್ಲೇ ಇರಿ,” ಎಂದೆ. ಅವರು ಮಡಿಚುವುದನ್ನು ನಿಲ್ಲಿಸಿ, “ನೀನ್ ಕೇಳ್ದೆ, ಸಾಕು ನನಗೆ,” ಎಂದರು. ಆಮೇಲೆ ತುಂಬ ಮೆಲ್ಲಗೆ, “ವಾರನ್ ಕರ್ಕೊಂಡ್ ಬಂದಿದ್ದು ಕೈ ವಾಸಿಯಾಗೋ ತನಕ ಅಂತ. ಕೈ ವಾಸಿಯಾಯ್ತು,” ಎಂದರು. ಅವರು ಕಾಯುತ್ತಿದ್ದದ್ದು ನಿನ್ನ ಬಾಯಿಂದ ‘ಇಲ್ಲೇ ಇರು’ ಎಂಬ ಮಾತಿಗೆ ಎಂದು ಆಗ ನನಗೆ ಹೊಳೆಯಿತು. ಅವತ್ತು ಟ್ರಕ್ಕಿನಲ್ಲಿ ನಾವು ಅಷ್ಟೇ ಹೇಳಿದ್ದೆವು. ಆಮೇಲೂ ಇಲ್ಲೇ ಇದ್ದುಬಿಡಿ ಎಂದು ನೀನೂ ನಾನೂ ಹೇಳಲೇ ಇಲ್ಲ. ಕಾಗದ ಕೈಗೆ ಸಿಕ್ಕ ದಿನವೇ ಮನೆಗೆ ಫೋನ್ ಮಾಡು. ನನ್ನನ್ನು ಕೇಳಬೇಡ, ಅವರನ್ನೇ ಕೇಳು. ತಿಗಣೆಯ ಮಾತು ಬೇಡ, ಕುರ್ಚಿಯ ಮಾತು ಬೇಡ, ಕ್ಷಮೆ ಗಿಮೆ ಏನೂ ಬೇಡ, ನಿಮಗಿಬ್ಬರಿಗೂ ಅದು ಬರುವುದಿಲ್ಲ. ‘ಅಮ್ಮಾ, ಜನವರಿಯಲ್ಲಿ ಬರ್ತಿದೀನಿ, ನಿನ್ ಕೈಯಾರೆ ಏಲಕ್ಕಿ ಹಾಕಿದ ನಿಸು ಬ್ರೆಡ್ ಬೇಕು, ನಮ್ಮ ಮನೆ ಒಲೇಲೇ ಆಗ್ಬೇಕು’ ಅನ್ನು. ಅಷ್ಟು ಸಾಕು. ಕೇಳಿದ ಮಗನಿಗೆ ಬಡಿಸದೆ ಮನೆ ಬಿಡುವ ಹೆಂಗಸಲ್ಲ ಅವರು. ಫೆಬ್ರವರಿಗೆ ಏನಾದರೂ ಕೇಳುವುದು ನನ್ನ ಪಾಲಿಗಿರಲಿ.